ಕಂಪೈಲಾದ ಹೊತ್ತು

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಪ್ರತಿದಿನ ಬೆಳಿಗ್ಗೆಯೂ ಜನವರಿ ಒಂದನೇ ತಾರೀಖು. ಯಂತ್ರಗಳ ಒಳಗೆ ಗಡಿಯಾರ ನಡೆಸುವ ಗುಂಡನೆಯ ಪುಟ್ಟ ಬ್ಯಾಟರಿಗಳು ಸತ್ತು ವರ್ಷಗಳಾಗಿದ್ದವು. ಸಂಜೆ ಸ್ವಿಚ್ ಆರಿಸಿದರೆ ಸಾಕು, ಅವಕ್ಕೆ ದಿನ ವಾರ ಎಲ್ಲ ಮರೆತುಹೋಗುತ್ತಿತ್ತು. ಮಾರನೇ ಬೆಳಿಗ್ಗೆ ಹಚ್ಚಿದ ಕೂಡಲೇ, ಯಾವುದೋ ಹಳೇ ವರ್ಷದ ಜನವರಿ ಒಂದು, ನಡುರಾತ್ರಿ ಹನ್ನೆರಡು ಗಂಟೆ ಎಂದುಕೊಂಡು ಏಳುತ್ತಿದ್ದವು. ಬ್ಯಾಟರಿ ಹಾಕಿಸಿ ಎಂದು ನಾವು ಬರೆದುಕೊಟ್ಟಾಗಲೆಲ್ಲ, ಹೊಸ ಕಂಪ್ಯೂಟರೇ ಬರುತ್ತವಲ್ಲ, ಈಗೇಕೆ ಎಂಬ ಉತ್ತರ ಸಿಗುತ್ತಿತ್ತು. ಹೊಸವು ಬರುತ್ತಿರಲಿಲ್ಲ. ಹಳೆಯವು ಜನವರಿ ಒಂದನ್ನು ಬಿಡುತ್ತಿರಲಿಲ್ಲ.

ಹೀಗಾಗಿ ಗಡಿಯಾರ ತಿದ್ದುವುದು ಅಕ್ಕನ ಕೆಲಸವಾಯಿತು. ಅಕ್ಕ ಎಂದರೆ ನನ್ನ ಒಡಹುಟ್ಟಿದ ಅಕ್ಕ. ಅರಸೀಕೆರೆಯ ಈ ಕಾಲೇಜಿನಲ್ಲಿ ಅವಳು ಸಿ ಪ್ರೋಗ್ರಾಮಿಂಗ್ ಪಾಠ ಮಾಡುತ್ತಿದ್ದಳು, ನಾನು ಅದೇ ಲ್ಯಾಬಿನಲ್ಲಿ ಇನ್ನೊಂದು ಬ್ಯಾಚ್ ನೋಡಿಕೊಳ್ಳುತ್ತಿದ್ದೆ. ಇಬ್ಬರೂ ಅತಿಥಿ ಉಪನ್ಯಾಸಕಿಯರು. ಮನೆಗೆ ಬಂದ ಅತಿಥಿಗೆ ಒಂದು ಲೋಟ ಕಾಫಿಯನ್ನಾದರೂ ಕೊಡುತ್ತಾರೆ, ನಮಗೆ ಅದೂ ಇಲ್ಲ ಎಂದು ನಾನು ಸ್ಟಾಫ್ ರೂಮಿನಲ್ಲಿ ಗೊಣಗಿದರೆ ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಕಡಿಮೆ. ಕರೆಂಟಿನವರ ಮೇಲೆ ಮಾತ್ರ ಬರುತ್ತಿತ್ತು.

ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದ ಮೇಲೆ ಅವಳ ಮೊದಲ ಕೆಲಸ ಅದೇ. ಹುಡುಗರು ಹೊರಗೆ ಚಪ್ಪಲಿ ಬಿಡುತ್ತ ಗಲಾಟೆ ಮಾಡುತ್ತಿರುವಾಗ, ಒಂದು ಸಾಲಿನ ತುದಿಯಿಂದ ಶುರುಮಾಡಿ ಪ್ರತಿ ಯಂತ್ರದ ಮುಂದೆಯೂ ಬಗ್ಗಿ ತಾರೀಖು, ಹೊತ್ತು ಬೆರಳಚ್ಚಿಸುತ್ತಾ ಹೋಗುತ್ತಿದ್ದಳು. ಕೈಯಲ್ಲಿ ಅಪ್ಪನ ವಾಚು. ಅಪ್ಪ ಇಲ್ಲಿನ ರೈಲ್ವೆ ಜಂಕ್ಷನ್ನಿನಲ್ಲಿ ಕೆಲಸದಲ್ಲಿದ್ದು ತೀರಿಕೊಂಡವರು. ವಾಚನ್ನು ಸ್ಟೇಷನ್ ಗಡಿಯಾರಕ್ಕೆ ಹೊಂದಿಸಿಕೊಳ್ಳುವುದು ಅವರಿಂದ ಅವಳಿಗೆ ಬಂದ ಅಭ್ಯಾಸ. ನಡುವೆ ಕರೆಂಟು ಹೋಗಿ ಬಂದರೆ ಕರೆಂಟಿನವರಿಗೆ ಶಾಪ ಹಾಕುತ್ತ ಮತ್ತೆ ಮೊದಲಿಂದ ತಿದ್ದುತ್ತಿದ್ದಳು. ಇದೊಂದು ಹುಚ್ಚು ಕಣೇ ನಿಂದು ಎಂದು ನಾನು ಆಡಿಕೊಂಡರೆ, ಸುಳ್ಳು ಹೊತ್ತಲ್ಲಿ ಪಾಠ ಮಾಡಕ್ಕಾಗಲ್ಲ ಎನ್ನುತ್ತಿದ್ದಳು.

ಅವಳ ಹುಚ್ಚಿಗೆ ಕಾರಣವಿತ್ತು. ಸಿ ಭಾಷೆಯಲ್ಲಿ ನಾವು ಹೇಳಿಕೊಡದೆಯೂ ಕಂಪೈಲರಿಗೆ ಮೊದಲೇ ಗೊತ್ತಿರುವ ಕೆಲವು ಹೆಸರುಗಳಿವೆ. ಪೂರ್ವನಿರ್ಧಾರಿತ ಮ್ಯಾಕ್ರೊಗಳು ಎಂದು ಪರೀಕ್ಷೆಯಲ್ಲಿ ಬರೆಯಬೇಕು. __DATE__ ಎಂದು ಬರೆದರೆ ಆ ಜಾಗದಲ್ಲಿ ತಾರೀಖು ಬಂದು ಕೂರುತ್ತದೆ, __TIME__ ಎಂದು ಬರೆದರೆ ಹೊತ್ತು. ಹೊಸಬರು ಎಡವುವುದು ಇಲ್ಲೇ. ಅದು ಪ್ರೋಗ್ರಾಮನ್ನು ಓಡಿಸಿದ ಹೊತ್ತಲ್ಲ. ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬದಲಿಸಿದ, ಅಂದರೆ ಕಂಪೈಲ್ ಮಾಡಿದ ಹೊತ್ತು. ಆಮೇಲೆ ಅದನ್ನು ಯಾವಾಗ ಓಡಿಸಿದರೂ ಅದೇ ತಾರೀಖು, ಅದೇ ಹೊತ್ತು ತೋರಿಸುತ್ತದೆ. ಬಸ್ಸಿನ ಟಿಕೆಟ್ಟಿನ ಮೇಲೆ ಕಂಡಕ್ಟರ್ ಹರಿದುಕೊಟ್ಟ ಹೊತ್ತು ಬಿದ್ದಿರುತ್ತದಲ್ಲ, ಹಾಗೆ. ಕಂಪೈಲರ್ ಆ ಹೊತ್ತನ್ನು ತೆಗೆದುಕೊಳ್ಳುವುದು ಯಂತ್ರದ ಗಡಿಯಾರದಿಂದ. ಗಡಿಯಾರ ಸುಳ್ಳು ಹೇಳಿದರೆ ಪ್ರೋಗ್ರಾಮೂ ಕೊನೆಯವರೆಗೆ ಅದೇ ಸುಳ್ಳನ್ನು ಹೇಳುತ್ತಿರುತ್ತದೆ.

ನಮ್ಮ ಲ್ಯಾಬಿನಲ್ಲಿ ಯಾವ ಪ್ರೋಗ್ರಾಮ್ ಬರೆದರೂ ಮೊದಲ ಸಾಲಿನಲ್ಲಿ ಇವೆರಡನ್ನೂ ಮುದ್ರಿಸಲೇಬೇಕೆಂದು ಅಕ್ಕ ಕಟ್ಟಳೆ ಮಾಡಿದ್ದಳು. ಸೀನಿಯರುಗಳು ಮಾಡಿಟ್ಟ ಪ್ರೋಗ್ರಾಮುಗಳನ್ನು ತಂದು ನಮ್ಮದೇ ಎಂದು ತೋರಿಸುವ ಹುಡುಗರಿಗೆ ಇದು ಉರುಳು. ಒಮ್ಮೆ ಒಬ್ಬ ಬಹಳ ಠೀವಿಯಿಂದ ತೋರಿಸಿದ ಪ್ರೋಗ್ರಾಮಿನ ತಾರೀಖು ಅವನು ಕಾಲೇಜಿಗೆ ಸೇರುವುದಕ್ಕೂ ಮೊದಲಿನದಾಗಿತ್ತು. ಹೈಸ್ಕೂಲಲ್ಲಿದ್ದಾಗಲೇ ಬಂದು ನಮ್ಮ ಲ್ಯಾಬಲ್ಲಿ ಕೂತು ಬರೆದಿದ್ದೀಯಲ್ಲಪ್ಪ, ನಮಗೆ ಗೊತ್ತೇ ಆಗಲಿಲ್ಲವಲ್ಲ ಎಂದು ಅಕ್ಕ ನಿಧಾನವಾಗಿ ಕೇಳಿದಳು. ಲ್ಯಾಬಿಗೆ ಲ್ಯಾಬೇ ನಕ್ಕಿತು. ಆ ಹುಡುಗನೂ ನಕ್ಕ. ಅವಳು ಬೈದರೂ ಬೈಸಿಕೊಂಡವರಿಗೆ ನೋವಾಗುತ್ತಿರಲಿಲ್ಲ. ನಾನಾಗಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ.

ಅವಳಿಗೆ ಇಷ್ಟವಾದ ಇನ್ನೊಂದು ಪಾಠವಿತ್ತು. ಈ ಹೆಸರುಗಳೆಲ್ಲ ಎಲ್ಲ ಕಂಪೈಲರುಗಳಲ್ಲೂ ಇರುವುದಿಲ್ಲ. ನಮ್ಮದು ನೀಲಿ ಪರದೆಯ ಹಳೇ ಕಂಪೈಲರ್. ಅದಕ್ಕೆ ಎಷ್ಟೋ ಗೊತ್ತಿರಲಿಲ್ಲ. ಆದ್ದರಿಂದ ಒಂದೊಂದು ಹೆಸರನ್ನೂ ಹಿಡಿದು, ಇದು ನಿನ್ನಲ್ಲಿದೆಯಾ ಎಂದು #ifdef ಹಾಕಿ ಕಂಪೈಲರನ್ನೇ ಕೇಳುವ ಪ್ರೋಗ್ರಾಮನ್ನು ಹುಡುಗರಿಂದ ಬರೆಸುತ್ತಿದ್ದಳು. ಇದ್ದರೆ ಒಂದು ಮಾತು, ಇರದಿದ್ದರೆ ಒಂದು ಮಾತು ಪರದೆಯ ಮೇಲೆ ಬರಬೇಕು. ಪುಸ್ತಕದಲ್ಲಿ ಅದಕ್ಕೆ ಉದ್ದುದ್ದ ಇಂಗ್ಲಿಷ್ ವಾಕ್ಯಗಳಿದ್ದವು. ಅಕ್ಕ ಅವನ್ನೆಲ್ಲ ಕಿತ್ತುಹಾಕಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ಐತೆ’, ‘ಇಲ್ಲ’ ಎಂದು ಹಾಕಿದ್ದಳು. ಅಮ್ಮನ ಬಾಯಿಂದ ತೆಗೆದುಕೊಂಡ ಮಾತು ಅದು. ನಮ್ಮಮ್ಮ ಬಾಣಾವರದ ಕಡೆಯ ಹಳ್ಳಿಯವಳು, ಪೇಟೆಗೆ ಬಂದು ಇಷ್ಟು ವರ್ಷವಾದರೂ ಅವಳ ‘ಐತೆ’ ‘ಇದೆ’ ಆಗಿಲ್ಲ. __DATE__ ಐತೆ. __TIME__ ಐತೆ. ಭಾಷೆಯ ಯಾವ ಆವೃತ್ತಿಯನ್ನು ಬಲ್ಲೆ ಎಂದು ಹೇಳುವ __STDC_VERSION__ ಇಲ್ಲ. ಪರದೆಯ ಮೇಲೆ ಅಮ್ಮನೇ ಕೂತು ಉತ್ತರ ಕೊಟ್ಟ ಹಾಗಿರುತ್ತಿತ್ತು. ಅಮ್ಮನಿಗೆ ಇದನ್ನು ಹೇಳಿದಾಗ, ನನ್ನ ಮಾತನ್ನು ಆಡಿಕೊಳ್ಳಕ್ಕೆ ಮಿಷಿನ್ನು ಬೇರೆ ಬೇಕಾಯ್ತಾ ಎಂದು ಮುಖ ಊದಿಸಿಕೊಂಡಿದ್ದಳು. ಒಳಗೊಳಗೆ ಖುಷಿಯಾಗಿತ್ತು.

ಮೂವರೇ ಹೆಂಗಸರು ಮನೆಯಲ್ಲಿ. ಮದುವೆಯ ಮಾತೆತ್ತಿದರೆ ಅಕ್ಕ, ಮೊದಲು ಇವಳಿಗೊಂದು ಕಾಯಂ ಕೆಲಸ ಸಿಗಲಿ ಎಂದು ನನ್ನನ್ನು ಮುಂದೆ ದೂಡುತ್ತಿದ್ದಳು. ನನ್ನ ಕೆಲಸಕ್ಕೂ ಅವಳ ಮದುವೆಗೂ ಏನು ಸಂಬಂಧವೆಂದು ಕೇಳಿದರೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಅಂಥದ್ದರಲ್ಲಿ ಬೇಲೂರಿನ ಒಂದು ಕಾಲೇಜಿನಿಂದ ನನಗೆ ಸಂದರ್ಶನಕ್ಕೆ ಕರೆ ಬಂತು. ಕಾಯಂ ಹುದ್ದೆ. ಪ್ರಾಯೋಗಿಕ ಪರೀಕ್ಷೆ ಹತ್ತಿರವಿದ್ದುದರಿಂದ ನಮ್ಮ ವಿಭಾಗದ ಮುಖ್ಯಸ್ಥರು ರಜೆ ಕೊಡಲಿಕ್ಕೆ ಒಪ್ಪಲಿಲ್ಲ. ಎರಡೂ ಬ್ಯಾಚನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ಅಕ್ಕ ಅವರ ಮುಂದೆ ಹೋಗಿ ನಿಂತ ಮೇಲೆಯೇ ರಜೆ ಸಿಕ್ಕಿದ್ದು.

ಆ ದಿನ ನಾನು ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಅಕ್ಕ ಇನ್ನೂ ಎದ್ದಿರಲಿಲ್ಲ. ಬಿಟ್ಟುಬಿಡು, ಮಲಗಲಿ ಎಂದು ಅಮ್ಮ ಅಂದಳು. ಮಧ್ಯಾಹ್ನ ಸಂದರ್ಶನ ಮುಗಿಸಿ ಹೊರಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿದೆ. ಪ್ರಶ್ನೆ ಕೇಳಲು ಕೂತಿದ್ದ ಹಿರಿಯರೊಬ್ಬರು ತೂಕಡಿಸುತ್ತಿದ್ದದ್ದು, ನಾನು ಉತ್ತರ ಹೇಳುವಾಗ ಅವರು ಥಟ್ಟನೆ ಎಚ್ಚೆತ್ತು ಸರಿ ಸರಿ ಎಂದದ್ದು, ನನ್ನ ಉತ್ತರ ತಪ್ಪಾಗಿದ್ದದ್ದು, ಎಲ್ಲವನ್ನೂ ಅವರದೇ ದನಿಯಲ್ಲಿ ಮಾಡಿ ತೋರಿಸಿದೆ. ಅಕ್ಕ ನಕ್ಕಳು. ಫೋನಿನಲ್ಲಿ ಅವಳ ನಗು ಮೊದಲು ಮೂಗಿನಿಂದ ಬಂದು ಆಮೇಲೆ ಬಾಯಿಗೆ ಬರುತ್ತದೆ. ಚೆನ್ನಕೇಶವನಿಗೆ ಕೈಮುಗಿದು ಬಾ, ಬಸ್ಸಲ್ಲಿ ನಿದ್ದೆ ಮಾಡ್ಬೇಡ ಎಂದಳು. ಇಷ್ಟೇ ಮಾತು.

ಬಸ್ಸು ಹಳೇಬೀಡಿನಲ್ಲಿ ನಿಂತಿತ್ತು. ಕಿಟಕಿಯ ಹೊರಗೆ ಪ್ರವಾಸಿಗರ ಮುಂದೆ ಒಬ್ಬ ಸಣ್ಣ ಸಣ್ಣ ಕಲ್ಲಿನ ಗಣಪತಿಗಳನ್ನು ಹಿಡಿದು ಓಡಾಡುತ್ತಿದ್ದ. ಆಗ ನಮ್ಮ ಲ್ಯಾಬಿನ ಅಟೆಂಡರ್ ಫೋನ್ ಮಾಡಿದರು. ಅಕ್ಕ ಮಧ್ಯಾಹ್ನದ ಬ್ಯಾಚ್ ನಡೆಯುವಾಗಲೇ ಮೇಜಿನ ಮೇಲೆ ತಲೆ ಇಟ್ಟಳಂತೆ. ಮೇಡಂ ದಣಿದಿದ್ದಾರೆ ಎಂದು ಹುಡುಗರು ದನಿ ತಗ್ಗಿಸಿ ಕೆಲಸ ಮುಂದುವರಿಸಿದರಂತೆ. ಗಂಟೆ ಹೊಡೆದರೂ ಏಳದಿದ್ದಾಗ ಒಬ್ಬಳು ಮುಟ್ಟಿ ನೋಡಿದಳಂತೆ. ಹಾಸನಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ, ನೀವು ಅಲ್ಲಿಗೇ ಬನ್ನಿ ಎಂದರು. ನಾನು ಇಳಿದು ಹಾಸನದ ಬಸ್ಸು ಹಿಡಿದೆ. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಲೆಯೊಳಗೆ ರಕ್ತನಾಳ ಒಡೆದಿದೆ, ಅವರಿಗೆ ಏನೂ ಗೊತ್ತಾಗಿರುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಮ್ಮ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು, ನನ್ನ ಮುಖ ನೋಡಿಕೊಂಡು ಹೇಳುತ್ತಿದ್ದಳು. “ನನ್ ಮಗೀಗೆ ಏನೂ ಗೊತ್ತಾಗ್ನಿಲ್ಲ. ನಗ್ತಾ ನಗ್ತಾ ಇದ್ದಂಗೇ ಹೋಯ್ತು.” ನಾನೂ ಹೌದೆನ್ನುತ್ತಿದ್ದೆ. ಆ ಮಧ್ಯಾಹ್ನವೇ ಅವಳ ನಗು ಕೇಳಿದ್ದೆನಲ್ಲ. ನಮ್ಮಿಬ್ಬರನ್ನೂ ಉಳಿಸಿದ್ದು ಆ ಒಂದು ಮಾತು ಎಂದು ಈಗಲೂ ಅನ್ನಿಸುತ್ತದೆ. ಅವಳಿಗೆ ನೋವಾಗಲಿಲ್ಲ ಎಂಬುದನ್ನು ಹಿಡಿದುಕೊಂಡು ನಾವು ಅನ್ನ ಉಂಡೆವು, ನಾನು ಕಾಲೇಜಿಗೆ ಹೋದೆ, ಅಮ್ಮ ಒಮ್ಮೆ ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲನ್ನೂ ಹತ್ತಿ ಬಂದಳು.

ಆ ದಿನ ಬೆಳಗಿನ ಬ್ಯಾಚಿಗೆ ಅಕ್ಕ ಹೇಳಿಕೊಟ್ಟದ್ದು ಅದೇ ಐತೆ-ಇಲ್ಲ ಪ್ರೋಗ್ರಾಮು. ನನ್ನ ಬ್ಯಾಚಾದ್ದರಿಂದ ನಾನು ಕೂರುವ ಯಂತ್ರದಲ್ಲಿ, ನನ್ನ ಫೋಲ್ಡರಿನಲ್ಲೇ ಬರೆದು ಕಂಪೈಲ್ ಮಾಡಿ ತೋರಿಸಿದ್ದಳು. ಅದು ಅಲ್ಲಿದೆ ಎಂದು ನನಗೆ ಗೊತ್ತಿತ್ತು. ಓಡಿಸಿರಲಿಲ್ಲ. ಓಡಿಸಿದರೆ ಮೊದಲ ಸಾಲಿನಲ್ಲಿ ಅವಳ ಕೊನೆಯ ದಿನದ ತಾರೀಖು ಬರುತ್ತದೆ, ಅವಳು ನನ್ನ ಕುರ್ಚಿಯಲ್ಲಿ ಕೂತು ಕಂಪೈಲ್ ಗುಂಡಿ ಒತ್ತಿದ ಹೊತ್ತು ಗಂಟೆ ನಿಮಿಷ ಸೆಕೆಂಡಿನ ಸಮೇತ ಬರುತ್ತದೆ. ನೋಡುವ ಆಸೆಯೂ ಇತ್ತು, ನೋಡಿದರೆ ತಡೆದುಕೊಳ್ಳಲಾರೆ ಎಂಬ ಭಯವೂ ಇತ್ತು. ಗಡಿಯಾರ ತಿದ್ದುವ ಕೆಲಸ ಈಗ ನನಗೆ ಬಂದಿತ್ತು. ಅಪ್ಪನ ವಾಚು ಕಟ್ಟಿಕೊಂಡು ಸಾಲಿನ ತುದಿಯಿಂದ ಬಗ್ಗುತ್ತಾ ಬರುವಾಗ, ಇದು ಹುಚ್ಚು ಎಂದು ನಾನೇ ಆಡಿಕೊಂಡಿದ್ದು ನೆನಪಾಗುತ್ತಿತ್ತು.

ಈ ವರ್ಷ ಕೊನೆಗೂ ಹೊಸ ಕಂಪ್ಯೂಟರುಗಳು ಬಂದವು. ಹಳೆಯವನ್ನು ಗುಜರಿಗೆ ಹಾಕುತ್ತಾರೆಂದು ಸುದ್ದಿಯಾಯಿತು. ಹೊಸ ಕಂಪೈಲರ್ ಹಾಕುತ್ತಿದ್ದ ಕಿರಿಯ ಉಪನ್ಯಾಸಕರನ್ನು, ಹಳೇ ಪ್ರೋಗ್ರಾಮು ಇದರಲ್ಲಿ ಓಡುತ್ತದಾ ಎಂದು ಕೇಳಿದೆ. ಹಳೆಯದು ಇದರಲ್ಲಿ ನೇರವಾಗಿ ಓಡಲ್ಲ ಮೇಡಂ, ಬೇರೆ ಏನಾದರೂ ಸರ್ಕಸ್ಸು ಮಾಡಬೇಕು, ಬರೆದ ಸಾಲುಗಳು ಇವೆಯಲ್ಲ, ಇಲ್ಲೇ ಮತ್ತೆ ಕಂಪೈಲ್ ಮಾಡಿಬಿಡಿ, ಒಂದು ನಿಮಿಷದ ಕೆಲಸ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮತ್ತೆ ಕಂಪೈಲ್ ಮಾಡಿದರೆ ಆ ಹೊತ್ತು ಅಳಿಸಿ ಇವತ್ತಿನ ಹೊತ್ತು ಕೂರುತ್ತದೆ ಎಂದು ಅವರಿಗೆ ನಾನು ಪಾಠ ಮಾಡಲಿಲ್ಲ.

ಆ ಸಂಜೆ ಅಮ್ಮನಿಗೆ ಹೇಳಿದೆ. ಅಕ್ಕ ಅವತ್ತು ಎಷ್ಟು ಹೊತ್ತಿಗೆ ಕೂತು ಬರೆದಳು ಅನ್ನುವುದು ಒಂದು ಕಡೆ ಅಚ್ಚಾಗಿ ಉಳಿದಿದೆ, ನಾಳೆ ನೋಡಿ ಫೋಟೋ ಹೊಡೆದುಕೊಂಡು ಬರುತ್ತೇನೆ, ದೇವರ ಮನೆಯಲ್ಲಿ ಅವಳ ಫೋಟೋ ಪಕ್ಕ ಇಡೋಣ ಎಂದೆ. ಬಸ್ ಟಿಕೆಟ್ಟಿನ ಲೆಕ್ಕ ಹೇಳಿದ ಮೇಲೆ ಅಮ್ಮನಿಗೆ ಅರ್ಥವಾಯಿತು. ಅವಳು ಹೂಂ ಎಂದಳು, ಸಂತೋಷವನ್ನೇನೂ ತೋರಿಸಲಿಲ್ಲ.

ಮಾರನೇ ದಿನ ಲ್ಯಾಬಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನನ್ನ ಹಳೇ ಯಂತ್ರದ ಮುಂದೆ ಕೂತೆ. ಅಭ್ಯಾಸಬಲದಿಂದ ಮೊದಲು ಗಡಿಯಾರ ತಿದ್ದಿದೆ. ಆಮೇಲೆ ಅಕ್ಕನ ಪ್ರೋಗ್ರಾಮನ್ನು ಓಡಿಸಿದೆ. ಐತೆ, ಐತೆ, ಇಲ್ಲ ಎಂದು ಸಾಲುಗಳು ಬಂದವು. ಮೇಲಿನ ಸಾಲು ನೋಡಿದೆ. ಜನವರಿ ಒಂದು. ನಡುರಾತ್ರಿ ಹನ್ನೆರಡು ದಾಟಿ ಕೆಲವು ನಿಮಿಷ.

ನಾನು ತಪ್ಪು ಪ್ರೋಗ್ರಾಮನ್ನು ಓಡಿಸಿದೆನೇನೋ ಎಂದುಕೊಂಡೆ. ಮತ್ತೆ ಓಡಿಸಿದೆ. ಕರೆಂಟು ಹೋಗಿ ಬಂದಿರಬಹುದು ಎಂದುಕೊಂಡೆ. ಕರೆಂಟು ಹೋಗಿ ಬಂದರೂ ತಿದ್ದದೆ ಬಿಡುವವಳಲ್ಲ. ಎದ್ದು ಪಕ್ಕದ ಯಂತ್ರ ಹಚ್ಚಿ ಹುಡುಗರು ಆ ದಿನ ಬರೆದ ಐತೆ-ಇಲ್ಲ ಪ್ರೋಗ್ರಾಮು ನೋಡಿದೆ. ಜನವರಿ ಒಂದು. ಅದರಾಚೆಯದು ನೋಡಿದೆ, ಹಿಂದಿನ ಸಾಲಿನದು ನೋಡಿದೆ. ಮಧ್ಯಾಹ್ನದ ಬ್ಯಾಚಿನವರದನ್ನೂ ನೋಡಿದೆ. ಎಲ್ಲವೂ ಜನವರಿ ಒಂದು. ಅವಳು ಅವತ್ತು ಒಂದೇ ಒಂದು ಯಂತ್ರದ ಗಡಿಯಾರವನ್ನೂ ತಿದ್ದಿರಲಿಲ್ಲ. ಬಂದವಳು ನೇರವಾಗಿ ನನ್ನ ಕುರ್ಚಿಯಲ್ಲಿ ಕೂತಿದ್ದಾಳೆ. ಅಷ್ಟು ಸಲ ಬಗ್ಗಿ ಏಳುವುದು ಅವಳಿಂದ ಆಗಿಲ್ಲ. ಬೆಳಿಗ್ಗೆಯೇ ಆಗಿಲ್ಲ.

ಏನೂ ಗೊತ್ತಾಗಲಿಲ್ಲ ಎಂಬುದು ಸುಳ್ಳು. ಅವಳಿಗೆ ಗೊತ್ತಿತ್ತು. ಆ ದಿನವಿಡೀ ನೋವನ್ನು ತಲೆಯಲ್ಲಿ ಇಟ್ಟುಕೊಂಡು ಕೂತಿದ್ದಳು. ಜೋರಾಗಿ ಅಳಬೇಕೆನ್ನಿಸಿತು, ಅಳು ಬರಲಿಲ್ಲ. ಸಿಟ್ಟು ಬಂತು. ಡಾಕ್ಟರ ಮೇಲೆ, ದನಿ ತಗ್ಗಿಸಿ ಕೆಲಸ ಮುಂದುವರಿಸಿದ ಮಕ್ಕಳ ಮೇಲೆ, ಯಾರಿಗೂ ಹೇಳದೆ ಕೂತ ಅವಳ ಮೇಲೆ ಬಂತು. ಫೋಟೋ ಹೊಡೆಯಲಿಲ್ಲ. ಯಂತ್ರ ಆರಿಸಿ ಬಂದೆ.

ದಾರಿಯುದ್ದಕ್ಕೂ ಒಂದೇ ಯೋಚನೆ, ಅಮ್ಮನಿಗೆ ಏನು ಹೇಳುವುದು. ಅಮ್ಮ ಬದುಕಿರುವುದೇ ಆ ಒಂದು ಮಾತಿನ ಮೇಲೆ. ಅದನ್ನು ಅವಳ ಕೈಯಿಂದ ನಾನು ಕಿತ್ತುಕೊಳ್ಳುವುದೇ? ಯಂತ್ರ ಕೆಟ್ಟಿತ್ತು ಎಂದು ಹೇಳಿಬಿಡುವುದು ಎಂದು ತೀರ್ಮಾನಿಸಿದೆ. ಕೊಬ್ಬರಿ ಮಂಡಿಗಳ ಕಮಟು ವಾಸನೆಯ ನಡುವೆ ನಡೆಯುತ್ತಾ ಆ ಸುಳ್ಳನ್ನು ಬಾಯಲ್ಲಿ ಹೇಳಿಕೊಂಡು ಅಭ್ಯಾಸವನ್ನೂ ಮಾಡಿದೆ.

ಅಮ್ಮ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಸಿಕ್ಕಿತಾ ಎಂದು ತಲೆಯೆತ್ತದೆ ಕೇಳಿದಳು. ಯಂತ್ರ ಕೆಟ್ಟಿತ್ತು ಎಂದೆ. ಅಮ್ಮ ತುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನನಗೆ ಸಿಟ್ಟು ಮುಚ್ಚಿಡಲು ಬರುವುದಿಲ್ಲ, ಸುಳ್ಳು ಹೇಳಲು ಮೊದಲೇ ಬರುವುದಿಲ್ಲ.

“ಗಡಿಯಾರ ತಿದ್ದಿಲ್ಲ ಕಣಮ್ಮ ಅವತ್ತು,” ಎಂದೆ. “ಒಂದಕ್ಕೂ ತಿದ್ದಿಲ್ಲ. ಬೆಳಿಗ್ಗೆಯಿಂದಲೇ ಅವಳಿಗೆ ಆಗ್ತಿರಲಿಲ್ಲ.”

ಅಮ್ಮ ಅಳಲಿಲ್ಲ, ಬೆಚ್ಚಲೂ ಇಲ್ಲ. ಕಾಯಿ ಹೋಳನ್ನು ತಟ್ಟೆಯಲ್ಲಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ನಂಗೊತ್ತು ಕಣವ್ವ,” ಎಂದಳು. “ನೀನು ಹೊಂಡೋವಾಗ್ಲೂ ಅವಳು ಎದ್ದೇ ಇದ್ಲು. ತಲೆ ಸಿಡೀತೈತೆ ಅಂತ ಗ್ವಾಡೆ ಕಡೆ ತಿರುಗ್ಕಂಡಿದ್ಲು. ಹೋಗ್ಬ್ಯಾಡ ಮಗ ಅಂದೆ. ನಾನು ಹೋಗ್ದಿದ್ರೆ ಅವಳ್ನ ಬಸ್ಸಿಂದ ವಾಪಸ್ ಕರೆಸ್ತಾರಮ್ಮ ಅಂದ್ಲು. ಅವಳಿಗೆ ಹೇಳ್ಬ್ಯಾಡ, ಯಾವತ್ತೂ ಹೇಳ್ಬ್ಯಾಡ ಅಂತ ಕೈ ಹಿಡ್ಕಂಡು ಮಾತು ತಗಂಡ್ಲು.”

ಇಷ್ಟು ದಿನ ಏಕೆ ಹೇಳಲಿಲ್ಲವೆಂದು ಕೇಳಿದೆ. ನನ್ನ ದನಿ ಏರಿತ್ತು. ಅಮ್ಮನದು ಏರಲಿಲ್ಲ.

“ಅವಳು ನನ್ನ ಕೇಳಿದ್ದು ಅದೊಂದೇ ಕಣೇ. ಅದ್ನೂ ನಡೆಸ್ದೆ ಇರ್ಲಾ?”

ಆಗ ತಿಳಿಯಿತು, ಬಂದವರ ಮುಂದೆಲ್ಲ ಅಮ್ಮ ನನ್ನ ಮುಖವನ್ನು ನೋಡಿಕೊಂಡು ಏನೂ ಗೊತ್ತಾಗ್ನಿಲ್ಲ ಎನ್ನುತ್ತಿದ್ದದ್ದು ಯಾರಿಗಾಗಿ ಎಂದು. ಆ ಮಾತನ್ನು ಹಿಡಿದುಕೊಂಡು ಬದುಕಿದ್ದವಳು ನಾನೊಬ್ಬಳೇ. ಅಮ್ಮನಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅವಳ ಮಡಿಲಲ್ಲಿ ತಲೆಯಿಟ್ಟೆ. ಅವಳ ಕೈಯಲ್ಲಿ ಕಾಯಿಯ ವಾಸನೆಯಿತ್ತು. ಆವಾಗ ಅಳು ಬಂತು.

ಬೇಲೂರಿನ ಕೆಲಸ ನನಗೆ ಸಿಗಲಿಲ್ಲ. ಯಾರಿಗೆ ಕೊಡಬೇಕೆಂದು ಮೊದಲೇ ತೀರ್ಮಾನವಾಗಿತ್ತು ಎಂದು ಆಮೇಲೆ ಕೇಳಿದೆ. ಹೊಸ ಲ್ಯಾಬಿನ ಯಂತ್ರಗಳು ಹೊತ್ತನ್ನು ಇಂಟರ್ನೆಟ್ಟಿನಿಂದ ತಾವೇ ತೆಗೆದುಕೊಳ್ಳುತ್ತವೆ, ಯಾರೂ ತಿದ್ದಬೇಕಾಗಿಲ್ಲ. ಮೊದಲ ಪಾಠವೆಂದು ಅಕ್ಕನ ಪ್ರೋಗ್ರಾಮನ್ನೇ ಬರೆಸಿದೆ. ಹಳೆಯದಕ್ಕೆ ಗೊತ್ತಿರದಿದ್ದ __STDC_VERSION__ ಹೊಸ ಕಂಪೈಲರಿನಲ್ಲಿ ಐತೆ. ಹುಡುಗರು ಆ ಮಾತು ನೋಡಿ ನಕ್ಕರು, ಇದ್ಯಾರು ಮೇಡಂ ಹೀಗೆ ಬರೆದದ್ದು ಎಂದು ಕೇಳಿದರು. ನಮ್ಮಕ್ಕ ಎಂದೆ.

ಅಂದು ಬೇಲೂರಿನ ಬಿಸಿಲಿನಲ್ಲಿ ನಿಂತು ನಾನು ಆ ಮುದುಕರ ತೂಕಡಿಕೆಯನ್ನು ಮಾಡಿ ತೋರಿಸಿದ್ದು ಈಗ ದಿನಾ ಕಿವಿಗೆ ಬೀಳುತ್ತದೆ. ಒಂದು ಸಲಕ್ಕೆ ಸಾಕಾಗದೆ ಎರಡನೆಯ ಸಲವೂ ಮಾಡಿ ತೋರಿಸಿದ್ದೆ. ಎದ್ದು ಬಗ್ಗಿ ಒಂದು ಗಡಿಯಾರವನ್ನೂ ತಿದ್ದಲಾಗದ ಆ ನೋವಿನಲ್ಲಿ ಕೂತು, ಎರಡೂ ಸಲ ಅಕ್ಕ ನಕ್ಕಿದ್ದಳು.